ಅಂಬವ್ವನ ದಾಸೋಹ

"ಅಂಬವ್ವ ಮೇಡಂ ಅದಾರೇನ್ರಿ?"

ಬಾಗಿಲಲ್ಲಿ ನಿಂತವನ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತಾಡುತ್ತಿತ್ತು. ಕೈಯಲ್ಲಿ ಮಿರಿಮಿರಿ ಕಾಗದ ಸುತ್ತಿದ ಹೂಗುಚ್ಛ. ಹೈದರಾಬಾದಿನ ತಾರ್ನಾಕದಲ್ಲಿ ವಿಶ್ವವಿದ್ಯಾಲಯದ ಗೋಡೆಗೆ ಬೆನ್ನು ಕೊಟ್ಟು ನಿಂತ ಆ ಓಣಿಗೆ ಹೂಗುಚ್ಛ ಹಿಡಿದು ಯಾರಾದರೂ ಬಂದದ್ದು ಶಿವಗಂಗಾಳ ನೆನಪಿನಲ್ಲಿ ಇರಲಿಲ್ಲ. ಯಾರದೋ ಪಿಎಚ್‌ಡಿ ಪ್ರಬಂಧವನ್ನು ಟೈಪ್ ಮಾಡುತ್ತಿದ್ದವಳು ಕೀಲಿಮಣೆ ಬಿಟ್ಟು ಎದ್ದಳು.

"ನೀವು ಯಾರ್ರಿ?"

"ನಾ ದಿನೇಶ. ನಿಮ್ಮ ತಮ್ಮ ಬಸವಕಿರಣ ಉಪ್ಪಲ್‌ದಾಗ ಕೆಲಸ ಮಾಡ್ತಾನಲ್ಲ, ಅದ ಕಂಪನಿ. ವಿಳಾಸ ಆಫೀಸಿನ ರಿಜಿಸ್ಟರಿನ್ಯಾಗ ಸಿಕ್ತು. ಸಮಾಜಸೇವಾ ವಿಭಾಗ ನಂದು. ಮೂಲ ಧಾರವಾಡ. ಕನ್ನಡದವರ ಮನಿ ಅಂದಕೂಡ್ಲೆ ನಾನ ಬಂದೆ ನೋಡ್ರಿ. ಅಂಬವ್ವ ಮೇಡಂಗ ಸತ್ಕಾರ ಮಾಡೋದೈತಿ."

"ಅಂಬವ್ವ ನಮ್ಮವ್ವ. ತೀರಿಕೊಂಡು ಭಾಳ ವರ್ಷ ಆತ್ರಿ."

ದಿನೇಶನ ಮುಖದ ನಗೆ ಹಾಗೇ ಅಂಟಿಕೊಂಡು ಉಳಿಯಿತು. ಹೂಗುಚ್ಛ ಮಾತ್ರ ಕೆಳಗಿಳಿಯಿತು. "ಛೆ... ಹಂಗಾದ್ರ ಮಲ್ಲಣ್ಣ ಸರ್?"

"ಮಗ್ಗಲ ಮನಿ ಹಂಪಮ್ಮನ ಅಣ್ಣ. ಅಂವನೂ ಇಲ್ರಿ."

"ಶಿವದೇವಿ ಮೇಡಂ?"

"ಅಕಿನೂ ಹೋದಳ್ರಿ, ಪಾಪ."

"ದತ್ತಾತ್ರೇಯ ಅಂತ ಒಬ್ಬರು—"

"ದತ್ತಾತ್ರೇಯ ಮಾಸ್ತರು ಹೋದಾಗ ನಾ ಇನ್ನೂ ಲಂಗ ಉಡ್ತಿದ್ದೆ."

ದಿನೇಶ ಕುರ್ಚಿಯ ಮೇಲೆ ಕುಸಿದು ಕೂತ. "ನಿಮ್ಮ ಟೀಮಿನ್ಯಾಗ ಜೀವಂತ ಯಾರರ ಅದಾರೇನ್ರಿ?"

"ಎಲ್ಲಾರೂ ಅದೀವ್ರಿ," ಎಂದಳು ಶಿವಗಂಗಾ. "ಹೆಸರು ಅಷ್ಟ ಅವರದು. ಚಾ ಕುಡೀತೀರಿ?"

ಇದಕ್ಕೆಲ್ಲ ಮೂಲ ಅವಳ ಆ ಹಳೆಯ ಕಂಪ್ಯೂಟರು. ಬಸವಕಿರಣ ಅದನ್ನು ಸಿಕಂದರಾಬಾದಿನ ಬಜಾರಿನಿಂದ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಶಿವಗಂಗಾ ಅದರ ಮೇಲೆ ವಿದ್ಯಾರ್ಥಿಗಳ ಪ್ರಬಂಧ, ಮದುವೆಯ ಕಾರ್ಡು ಟೈಪ್ ಮಾಡಿ ಮನೆ ನಡೆಸುತ್ತಿದ್ದಳು. ಅವಳು ಒಲೆಯ ಮುಂದೆ ಕೂತಾಗ, ಬಟ್ಟೆ ಒಗೆಯುವಾಗ ಅದು ಸುಮ್ಮನೆ ಗುಂಯ್‌ಗುಡುತ್ತ ಕೂತಿರುತ್ತಿತ್ತು. ಒಂದು ದಿನ ತಮ್ಮ ಹೇಳಿದ: ದೂರದೇಶದ ಒಂದು ವಿಶ್ವವಿದ್ಯಾಲಯದವರು ಕ್ಷಯರೋಗದ ಔಷಧ ಹುಡುಕುತ್ತಿದ್ದಾರೆ. ಆ ರೋಗದ ಕ್ರಿಮಿಯೊಳಗಿನ ಒಂದು ಕಣ ಹೇಗೆ ಮಡಚಿಕೊಳ್ಳುತ್ತದೆ, ಯಾವ ಮದ್ದು ಹೋಗಿ ಅದಕ್ಕೆ ಬೀಗ ಹಾಕುತ್ತದೆ ಎಂದು ನೋಡಬೇಕು. ಅದಕ್ಕೆ ಕೋಟಿಗಟ್ಟಲೆ ಲೆಕ್ಕ ಮಾಡಬೇಕು. ಅಷ್ಟು ದೊಡ್ಡ ಯಂತ್ರ ಅವರ ಬಳಿ ಇಲ್ಲ. ಅದಕ್ಕೇ ಲೆಕ್ಕವನ್ನು ಚೂರುಚೂರು ಮಾಡಿ ಜನರ ಮನೆಯ ಕಂಪ್ಯೂಟರುಗಳಿಗೆ ಕಳಿಸುತ್ತಾರೆ. ನೀನು ಕೆಲಸ ಮಾಡದ ಹೊತ್ತಿನಲ್ಲಿ ಅದು ಅವರ ಲೆಕ್ಕ ಮಾಡಿ ಉತ್ತರ ವಾಪಸು ಕಳಿಸುತ್ತದೆ.

"ಮದುವಿ ಮನಿ ಜೋಳ ಹಸನ ಮಾಡಾಕ ಓಣಿ ತುಂಬ ಹಂಚತಾರಲ್ಲ, ಹಂಗ?" ಎಂದಿದ್ದಳು ಶಿವಗಂಗಾ.

"ಹೂಂ ಅಕ್ಕಾ. ಹಂಗ."

ಅವ್ವನನ್ನು ಒಯ್ದ ಕ್ಷಯ ಎಂದ ಮೇಲೆ ಅವಳಿಗೆ ಮತ್ತೇನೂ ಕೇಳುವುದಿರಲಿಲ್ಲ. ಪರದೆಯ ಮೇಲೆ ಒಂದು ಖಾಲಿ ಜಾಗ ಬಂತು: ಹೆಸರು. ಸುರಪುರದ ಕಡೆ ಅವಳು ಹುಟ್ಟಿದ ಊರಿನ ಮಠದಲ್ಲಿ ದಾಸೋಹಕ್ಕೆ ಜೋಳ ಒಯ್ದರೆ, ಕೊಟ್ಟವರ ಹೆಸರನ್ನು ಯಾರೂ ಕೇಳುವುದಿಲ್ಲ. ಯಾರ ಹೆಸರಿನಲ್ಲಿ ಕೊಡುತ್ತೀರಿ ಎಂದು ಕೇಳುತ್ತಾರೆ. ಸತ್ತವರ ಹೆಸರು ಹೇಳಬೇಕು, ಅದನ್ನು ಪಂಕ್ತಿಯಲ್ಲಿ ಕೂಗಿ ಹೇಳುತ್ತಾರೆ. ಶಿವಗಂಗಾಳ ಬೆರಳು ಯೋಚಿಸಲೂ ಇಲ್ಲ. ಅಂಬವ್ವ ಎಂದು ಒತ್ತಿಬಿಟ್ಟಿತು.

"ನಿನ್ನ ಹೆಸರು ಬರೀಬೇಕಿತ್ತ ಅಕ್ಕಾ!" ಎಂದು ತಮ್ಮ ಬಿದ್ದು ಬಿದ್ದು ನಕ್ಕಿದ್ದ.

ಆದರೆ ಅವಳು ನಾರಾಯಣಗೂಡದಲ್ಲಿ ಭಾನುವಾರ ಸೇರುವ ಓದುಬಳಗದಲ್ಲಿ ಈ ಸಂಗತಿ ಹೇಳಿದಾಗ ಯಾರೂ ನಗಲಿಲ್ಲ. ಅರಿವೆ ಅಂಗಡಿಯ ಸೂಗಪ್ಪನ ಮಾಳಿಗೆಯಲ್ಲಿ ಕೂತು ಒಬ್ಬರು ಓದಿ, ಉಳಿದವರು ಕೇಳಿ, ಆಮೇಲೆ ಜಗಳವಾಡುವ ಬಳಗ ಅದು. ಬ್ಯಾಂಕಿನವರು, ನರ್ಸುಗಳು, ಎಸ್‌ಟಿಡಿ ಬೂತಿನ ಹಂಪಮ್ಮ, ಎಲ್ಲ ಕಲಬುರಗಿ ರಾಯಚೂರಿನ ಕಡೆಯವರು. ಕಂಪ್ಯೂಟರ್ ಇದ್ದವರೆಲ್ಲ ಮನೆಗೆ ಹೋಗಿ ಸೇರಿಕೊಂಡರು. ಒಬ್ಬರಿಗೂ ಹೇಳಿಕೊಡಬೇಕಾಗಲಿಲ್ಲ, ಹೆಸರಿನ ಜಾಗದಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಯ ಸತ್ತವರನ್ನೇ ಕೂರಿಸಿದರು. ಬಸವಕಿರಣ ತಲೆ ಚಚ್ಚಿಕೊಂಡು ಎಲ್ಲರನ್ನೂ ಒಂದು ತಂಡ ಮಾಡಿದ, ತಂಡಕ್ಕೆ ಅಂಬವ್ವನ ದಾಸೋಹ ಎಂದು ಹೆಸರಿಟ್ಟ. ಆ ತಂಡದಲ್ಲಿ ಬದುಕಿರುವವನ ಹೆಸರು ಅವನದೊಂದೇ.

"ನಮ್ಮಣ್ಣ ಜೀವಮಾನದಾಗ ಒಂದು ಲೆಕ್ಕ ಬರೋಬ್ಬರಿ ಮಾಡಿಲ್ಲ," ಎನ್ನುತ್ತಿದ್ದಳು ಹಂಪಮ್ಮ, ಬೂತಿನ ಕಂಪ್ಯೂಟರಿನ ಪರದೆಯ ಮೇಲೆ, ಲೆಕ್ಕ ನಡೆದಿದೆ ಎಂದು ತೋರಿಸುವ ಬಣ್ಣದ ಮಣಿಗಳು ತಿರುಚಿಕೊಳ್ಳುವುದನ್ನು ನೋಡುತ್ತ. "ಈಗ ನೋಡ್ರವಾ, ಉಸಿರು ಬಿಡದಂಗ ಲೆಕ್ಕ ಮಾಡಾಕತ್ತಾನ!"

ಮುಗಿಸಿದ ಲೆಕ್ಕಕ್ಕೆ ಪ್ರಾಜೆಕ್ಟಿನವರು ಅಂಕ ಕೊಡುತ್ತಿದ್ದರು. ಅಂಕ ಏರುತ್ತ ಹೋಗಿ ಅಂಬವ್ವನ ದಾಸೋಹ ಹೈದರಾಬಾದಿನ ತಂಡಗಳಲ್ಲೆಲ್ಲ ಮುಂದೆ ಬಂದು ನಿಂತಿತ್ತು. ದಿನೇಶನನ್ನು ಈ ಓಣಿಗೆ ಕರೆತಂದದ್ದು ಅದೇ.

"ನಮ್ಮದು ಹೊಸ ಬ್ಲಾಕ್ ಉದ್ಘಾಟನಾ ಐತಿ," ಎಂದ ಚಹಾ ಕುಡಿಯುತ್ತ. "ಅವತ್ತು ದೊಡ್ಡ ಪರದೆ ಮ್ಯಾಲೆ ಈ ಅಂಕಿ ಓಡೂದು ತೋರಿಸಬೇಕು, ಕಂಪನಿ ವಿಜ್ಞಾನಕ್ಕ ಏನು ಕೊಡಾಕತ್ತದ ಅಂತ. ನಾವು ಸೊನ್ನೆಯಿಂದ ಸುರು ಮಾಡಿದ್ರ ಮುಟ್ಟೂದ್ಯಾವಾಗ? ನಿಮ್ಮ ಟೀಮಿಗೆ ನಮ್ಮ ಕಂಪನಿ ಹೆಸರು ಇಟ್ಟುಬಿಡೋಣ. ನಿಮ್ಮೆಲ್ಲಾರ ಮನಿಗೂ ಹೊಸ ಕಂಪ್ಯೂಟರ್, ಮುಫತ್. ಕಿರಣನ ಕೆಲಸ ಕಾಂಟ್ರಾಕ್ಟ್ ಮ್ಯಾಲೆ ಐತಿ, ಅದನ್ನೂ ಕಾಯಂ ಮಾಡಾಕ ಮಾತಾಡ್ತೀನಿ. ಈ ಸತ್ತವರ ಹೆಸರು ತಗದು ನಮ್ಮ ಎಂಪ್ಲಾಯೀಸ್ ಹೆಸರು ಹಾಕೋಣ. ಡೇಟಾ ಕ್ಲೀನ್ ಇರಬೇಕಾಗ್ತದ್ರಿ, ತಪ್ಪು ತಿಳೀಬ್ಯಾಡ್ರಿ."

ಶಿವಗಂಗಾ ಅವನ ಕೈಯಿಂದ ಖಾಲಿ ಕಪ್ಪು ಇಸಿದುಕೊಂಡಳು. "ನಮ್ಮ ಬಳಗಾನ ಕೇಳಬೇಕ್ರಿ," ಎಂದಷ್ಟೇ ಹೇಳಿ ಕಳಿಸಿದಳು. ಅವನು ಓಣಿ ದಾಟುವ ಮೊದಲೇ ಬಾಗಿಲನ್ನು ದಡಾರನೆ ಹಾಕಿದಳು.

ಸಿಟ್ಟು ಯಾಕೆ ಬರಬಾರದು? ಆ ವರ್ಷಗಳಲ್ಲಿ ಹೈದರಾಬಾದು ಗಾಜಿನ ಮೇಲೆ ಗಾಜು ಏರಿಸುತ್ತಿತ್ತು. ಪೇಪರಿನಲ್ಲಿ ದಿನಬೆಳಗಾದರೆ ಕಟ್ಟಡಗಳ ಫೋಟೊ, ಅವುಗಳ ಮುಂದೆ ಕೈಕಟ್ಟಿ ನಿಂತ ಮಾಲೀಕರ ಫೋಟೊ. ಕಟ್ಟಿದವರು ಎಲ್ಲಿ? ಶಿವಗಂಗಾಳ ಅಪ್ಪ ಗೊಲ್ಲಾಳಪ್ಪ ಮತ್ತು ಅವ್ವ ಅಂಬವ್ವ ಎರಡು ಮಕ್ಕಳನ್ನು ಬಗಲಲ್ಲಿಟ್ಟುಕೊಂಡು ಈ ಊರಿಗೆ ಬಂದದ್ದು ಗಾರೆ ಕೆಲಸಕ್ಕೆ. ಗುತ್ತೇದಾರರು ಆಳು ಹಿಡಿಯುತ್ತಿದ್ದದ್ದು ಜೋಡಿ ಲೆಕ್ಕದಲ್ಲಿ. ಗಂಡಸಿನ ಹೆಸರು ಕೂಗುತ್ತಿದ್ದರು. ಹೆಂಗಸು ಅವನ ಜೋಡಿ. 'ಗೊಲ್ಲಾಳಪ್ಪ, ಜೋಡಿ' ಎಂದರೆ ಇಬ್ಬರೂ ಮುಂದೆ ಬರಬೇಕು. ಅಂಬವ್ವ ಇಟ್ಟಿಗೆ ಹೊತ್ತಳು, ಸಿಮೆಂಟು ಹೊತ್ತಳು, ಆ ಧೂಳಿನಲ್ಲೇ ಕೆಮ್ಮು ಹಿಡಿಸಿಕೊಂಡಳು. ಹೆಸರು ಹಿಡಿದು ಅವಳನ್ನು ಯಾರೂ ಕರೆಯಲಿಲ್ಲ. ಕೊನೆಗೆ ಅವಳು ಉಪ್ಪಲ್‌ನ ಒಂದು ದೊಡ್ಡ ಕಟ್ಟಡದ ಮೆಟ್ಟಿಲ ಮೇಲೆ ರಕ್ತ ಕಾರಿ ಕೂತಾಗ, ಮರುದಿನ ಗುತ್ತೇದಾರ ಗೊಲ್ಲಾಳಪ್ಪನನ್ನೂ ಬೇಡವೆಂದ. ಜೋಡಿ ಮುರಿದವನನ್ನು ಇಟ್ಟುಕೊಂಡು ಏನು ಮಾಡುವುದು? ಆ ಕಟ್ಟಡದಲ್ಲಿ ಈಗ ದಿನೇಶನ ಕಂಪನಿ ಇತ್ತು. ಬಸವಕಿರಣ ಅದೇ ಮೆಟ್ಟಿಲು ಹತ್ತಿ ಕೆಲಸಕ್ಕೆ ಹೋಗುತ್ತಿದ್ದ.

ಸಂಜೆ ತಮ್ಮ ಬಂದಾಗ ಶಿವಗಂಗಾ ರೊಟ್ಟಿ ಬಡಿಯುತ್ತಿದ್ದಳು. ಬಡಿತದ ಸಪ್ಪಳಕ್ಕೇ ಅವನಿಗೆ ತಿಳಿಯಿತು.

"ಅಕ್ಕಾ, ಸಿಟ್ಟಿಗೇಳಬ್ಯಾಡ. ನಾ ಒಂದು ಕೇಳ್ತೀನಿ. ರೋಗಕ್ಕ ಔಷಧ ಸಿಗೋದು ಮುಖ್ಯನೋ, ಹೆಸರು ಮುಖ್ಯನೋ?"

"ಔಷಧ."

"ಮತ್ತ? ಬಲಗೈಲೆ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ನಿಮ್ಮ ಬಳಗದಾಗ ನೀವ ಮಾತಾಡ್ತೀರಿ. ಹೆಸರಿಗ್ಯಾಕ ಜೋತು ಬೀಳ್ತಿ? ಹೋಗ್ಲಿ ಬಿಡು ಹೆಸರು."

ಶಿವಗಂಗಾ ರೊಟ್ಟಿಯನ್ನು ಹಂಚಿಗೆ ಹಾಕಿ ತಿರುಗಿದಳು. "ಹೆಸರು ಅಷ್ಟು ಹಗರ ಇದ್ರ ಅವರಿಗ್ಯಾಕ ಬೇಕೋ? ಅವರೂ ಬ್ಯಾಡ ಅನ್ಲಿ. ದೊಡ್ಡ ಪರದೆ ಮ್ಯಾಲೆ ಹೆಸರು ಬೇಕಾಗೋದು ಅವರಿಗೆ. ಹೆಸರಿನ ಆಸೆ ಬಿಡ್ರಿ ಅಂತ ಬುದ್ಧಿ ಹೇಳಿಸಿಕೊಳ್ಳೋದು ನಾವು. ಇದ್ಯಾವ ನ್ಯಾಯ?"

"ನಂದು ಕಾಯಂ ನೌಕರಿ ಪ್ರಶ್ನೆ ಐತಿ ಅಕ್ಕಾ."

"ಗೊತ್ತೈತಿ. ಅದಕ್ಕ ನಿನಗ ಇನ್ನೂ ಬೈದಿಲ್ಲ."

ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಗೊಲ್ಲಾಳಪ್ಪ, "ಬೈಯೋದರ ಬೈದುಬಿಡವಾ, ರೊಟ್ಟಿ ಸೀಯಾಕತ್ತಾವು," ಎಂದ.

ಭಾನುವಾರ ನಾರಾಯಣಗೂಡದ ಮಾಳಿಗೆಯಲ್ಲಿ ಪುಸ್ತಕ ತೆರೆಯಲೇ ಇಲ್ಲ. ಹೊಸ ಕಂಪ್ಯೂಟರ್ ಎಂದರೆ ಯಾರಿಗೆ ಬೇಡ? ಸೂಗಪ್ಪ ಬಾಯಿಬಿಟ್ಟು ಹೇಳಿದ. "ಗಂಗಕ್ಕಾ, ಹೊಸ ಮಷೀನು ಬಂದ್ರ ಲೆಕ್ಕ ಇನ್ನೂ ಜೋರು ನಡೀತದ. ವಿಜ್ಞಾನಕ್ಕ ಚಲೋನ ಅಲ್ಲ? ನಾ ಖಾಲಿಪೀಲಿ ಆಸೆಬುರುಕ ಅಂತ ತಿಳೀಬ್ಯಾಡ."

"ಆಸೆಬುರುಕ ಅದೀ ಮಾವಾ, ಆದ್ರ ಮಾತು ಖರೇ ಐತಿ," ಎಂದಳು ಹಂಪಮ್ಮ. ಎಲ್ಲರೂ ನಕ್ಕರು.

ಶಿವಗಂಗಾ ನಗಲಿಲ್ಲ. "ಖರೇ ಐತಿ. ಅದಕ್ಕ ನಾ ಒಂದು ಹೇಳ್ತೀನಿ ಕೇಳ್ರಿ. ಅವರ ಆಫೀಸಿನ್ಯಾಗ ಸಾವಿರಾರು ಕಂಪ್ಯೂಟರ್ ರಜಾ ದಿನ ಸುಮ್ಕ ಕುಂತಿರ್ತಾವು. ಔಷಧದ ಮ್ಯಾಲೆ ಅಷ್ಟು ಮಮತಾ ಇದ್ರ ಅವರ ನಮ್ಮ ತಂಡಕ್ಕ ಬರ್ಲಿ. ಅಂಬವ್ವನ ದಾಸೋಹಕ್ಕ ಯಾರು ಬಂದ್ರೂ ಜಾಗ ಐತಿ."

ಸೂಗಪ್ಪ ತೊಡೆ ತಟ್ಟಿ, "ಹೊಯ್, ಇದು ಮಾತು!" ಎಂದ. ಹೊಸ ಕಂಪ್ಯೂಟರಿನ ಆಸೆ ಅವನ ಕಣ್ಣಿಂದ ಪೂರ್ತಿ ಹೋಗಿರಲಿಲ್ಲ. ಆದರೂ ಕೈ ಎತ್ತಿದ. ಎಲ್ಲರೂ ಎತ್ತಿದರು.

ಆ ಮಾತನ್ನು ಹೇಳಲು ಅವಳು ಅಪ್ಪನನ್ನು ಕರೆದುಕೊಂಡು ಉಪ್ಪಲ್‌ಗೆ ಹೋದಳು. ಗೊಲ್ಲಾಳಪ್ಪ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ ಬಂದಿದ್ದ. ಆ ಮೆಟ್ಟಿಲ ಹತ್ತಿರ ಬಂದಾಗ ಅವನು ನಿಂತ. ಮೆಟ್ಟಿಲು ಬಿಟ್ಟು ಮಗ್ಗುಲಲ್ಲಿದ್ದ ಕೈಗಾಡಿಯ ಇಳಿಜಾರಿನ ಮೇಲೆ ನಡೆದು ಒಳಗೆ ಹೋದ. ಶಿವಗಂಗಾಳೂ ಅವನ ಹಿಂದೆಯೇ ಹೋದಳು.

ಗಾಜಿನ ಕೋಣೆಯಲ್ಲಿ ದಿನೇಶ ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಳ್ಳುವುದು ಅವನ ಕೆಲಸದ ಭಾಗ. ಆಮೇಲೆ ಟೇಬಲ್ಲಿನ ಮೇಲಿನ ಪೆನ್ನು ನೆಟ್ಟಗೆ ಮಾಡಿದ.

"ಮೇಡಂ, ಪ್ರಾಕ್ಟಿಕಲ್ ಆಗಿ ಮಾತಾಡೋಣ. ಇಷ್ಟು ದೊಡ್ಡ ಕಂಪನಿ, ಒಬ್ಬ ಕೂಲಿ ಹೆಣ್ಮಗಳ ಹೆಸರಿನ ಕೆಳಗ..."

"ಹೇಳ್ರಿ. ಪೂರಾ ಮಾಡ್ರಿ," ಎಂದಳು ಶಿವಗಂಗಾ. "ಹೆಸರಿನ ಕೆಳಗ ಏನು? ಅಕಿ ಹೊತ್ತ ಇಟ್ಟಂಗಿ ಮ್ಯಾಲೆ ಕುಂದ್ರಾಕ ಬರ್ತದ, ಅಕಿ ಹೆಸರಿನ ಕೆಳಗ ಕುಂದ್ರಾಕ ಬರಂಗಿಲ್ಲ?"

"ಹಂಗಲ್ಲ ನಾ ಹೇಳಿದ್ದು—"

"ಹಂಗ ಹೇಳಿದ್ರಿ. ನನಗ ಕನ್ನಡ ಬರ್ತದ್ರಿ."

ದಿನೇಶ ಫೋನೆತ್ತಿ ಬಸವಕಿರಣನನ್ನು ಕರೆಸಿದ. ತಂಡ ಕಟ್ಟಿದವನು ಅವನು; ತಂಡದ ಹೆಸರು ಬದಲಿಸುವ ಹಕ್ಕು ಅವನೊಬ್ಬನಿಗೇ ಇತ್ತು. ಬಸವಕಿರಣ ಒಳಗೆ ಬಂದು, ಅಪ್ಪನನ್ನು ನೋಡಿ, ಅಕ್ಕನನ್ನು ನೋಡಿ, ನೆಲ ನೋಡಿದ. ದಿನೇಶ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದ.

"ಕಿರಣ, ಮುಗಿಸಿಬಿಡಪಾ. ಮ್ಯಾಲಿನವರು ಕೇಳಾಕತ್ತಾರ."

"ಕಿರಣಾ," ಎಂದಳು ಶಿವಗಂಗಾ.

ಅವನು ಕೂತ. ಅಳಿಸುವ ಗುಂಡಿಯನ್ನು ಒತ್ತಿಹಿಡಿದಾಗ ಅಂಬವ್ವನ ಹೆಸರು ಕೊನೆಯ ಅಕ್ಷರದಿಂದ ಹಿಂದಕ್ಕೆ ಒಂದೊಂದಾಗಿ ಮಾಯವಾಗುತ್ತ ಹೋಯಿತು. ಆ ಜಾಗದಲ್ಲಿ ಕಂಪನಿಯ ಹೆಸರು ಬಂತು. ದಿನೇಶ "ಥ್ಯಾಂಕ್ಯೂ" ಎಂದ. ಶಿವಗಂಗಾ ಅಪ್ಪನ ರಟ್ಟೆ ಹಿಡಿದು ಎದ್ದಳು. ಬಾಗಿಲ ಬಳಿ ಹೋಗಿ ತಿರುಗಿ ನೋಡಿದಾಗ ತಮ್ಮ ಇನ್ನೂ ಪರದೆಯನ್ನೇ ನೋಡುತ್ತಿದ್ದ.

"ಅಂಜಿದಿ," ಎಂದಳು. "ಅಂಜಿಕಿ ತಪ್ಪಲ್ಲ. ಆದ್ರ ಇದನ್ನ ಸೇವಾ ಅಂತ ಮಾತ್ರ ಕರೀಬ್ಯಾಡ."

ಬಸ್ಸಿನಲ್ಲಿ ಅವಳು ಒಂದೇ ವಿಷಯ ಯೋಚಿಸುತ್ತಿದ್ದಳು. ಹೆಸರು ಬದಲಿಸುವ ಹಕ್ಕು ಕಟ್ಟಿದವನದು, ಸರಿ. ಬಿಟ್ಟು ಹೋಗುವ ಹಕ್ಕು? ಮನೆಗೆ ಬಂದವಳೇ ಪ್ರಾಜೆಕ್ಟಿನ ನಿಯಮಗಳನ್ನು ಡಿಕ್ಷನರಿ ಇಟ್ಟುಕೊಂಡು ಓದಿದಳು. ಯಾವ ಸದಸ್ಯರೂ ಯಾವಾಗ ಬೇಕಾದರೂ ತಂಡ ಬಿಡಬಹುದು. ಬಿಟ್ಟರೆ ಅಲ್ಲಿಯವರೆಗೆ ಗಳಿಸಿದ ಅಂಕ ಹಳೆಯ ತಂಡಕ್ಕೇ ಉಳಿಯುತ್ತದೆ. ಹೊಸ ತಂಡದಲ್ಲಿ ಸೊನ್ನೆಯಿಂದ ಸುರು.

ಬಳಗದವರಿಗೆ ಇದು ನುಂಗಲಾರದ ತುತ್ತಾಯಿತು. ಇಷ್ಟು ದಿನದ ಅಂಕವನ್ನೆಲ್ಲ ಕಳ್ಳರ ಕೈಗೆ ಕೊಟ್ಟು ಬರುವುದೇ? ಹಂಪಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮಣ್ಣನ ಕಷ್ಟ ಎಲ್ಲಾ ಅವರ ಪಾಲಿಗೆ ಹೋಗ್ತದಲ್ಲ ಗಂಗಾ..."

"ಕಷ್ಟ ಎಲ್ಲಿ ಹೋಗ್ತದ ಅತ್ತೀ? ಮಾಡಿದ ಲೆಕ್ಕ ವಿಜ್ಞಾನಿಗಳ ಕೈಯಾಗ ಐತಿ. ಅದನ್ನ ಯಾರೂ ಕಸಗೊಳ್ಳಂಗಿಲ್ಲ. ಇವರ ಕೈಯಾಗ ಇರೋದು ಬರೇ ಅಂಕಿ. ನೆಕ್ಕಲಿ."

ಸೂಗಪ್ಪ ಮೊದಲು ಹೋದ. ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು ಕಂಪನಿಯ ತಂಡ ಬಿಟ್ಟ, ಹೊಸ ತಂಡ ಸೇರಿದ, ಫೋನ್ ಮಾಡಿ ಗಟ್ಟಿಯಾಗಿ ಹೇಳಿದ: "ಶಿವದೇವಿ ಬಂದಾಳ ನೋಡವಾ ಗಂಗಕ್ಕಾ!" ಶಿವದೇವಿ ಅವನ ಹೆಂಡತಿ. ಆಮೇಲೆ ಮಲ್ಲಣ್ಣ ಬಂದ, ದತ್ತಾತ್ರೇಯ ಮಾಸ್ತರರು ಬಂದರು. ಒಬ್ಬೊಬ್ಬರೇ ಸತ್ತವರು ಆ ಗಾಜಿನ ಮನೆಯಿಂದ ಎದ್ದು ಬಂದರು. ಹೊಸ ತಂಡದ ಹೆಸರು ಮತ್ತೆ ಅಂಬವ್ವನ ದಾಸೋಹ. ಈ ಸಲ ಕಟ್ಟಿದವಳು ಶಿವಗಂಗಾ.

ಗೊಲ್ಲಾಳಪ್ಪ ಪರದೆಯ ಹತ್ತಿರ ಬಗ್ಗಿ ಕೇಳಿದ. "ಎಲ್ಲಿ ಅದಾಳ?"

ಶಿವಗಂಗಾ ತಂಡಗಳ ಪಟ್ಟಿಯನ್ನು ಕೆಳಗೆ ಜಾರಿಸಿದಳು, ಮತ್ತೂ ಜಾರಿಸಿದಳು. "ಇಲ್ಲಿ ನೋಡಪಾ. ಎಲ್ಲಾರಕಿಂತ ಕೆಳಗ."

"ಇರ್ಲಿ," ಎಂದ ಮುದುಕ. "ಕೆಳಗಿಂದ ಕಟ್ಟಾಕ ನಮಗ ಯಾರೂ ಕಲಿಸಬೇಕಿಲ್ಲ."

ಉದ್ಘಾಟನೆಯ ದಿನ ಮಧ್ಯಾಹ್ನ ಬಸವಕಿರಣ ಮನೆಗೆ ಬಂದ. ಆ ಹೊತ್ತಿಗೆ ಅವನು ಎಂದೂ ಬರುತ್ತಿರಲಿಲ್ಲ. ಗುರುತಿನ ಚೀಟಿ ಕೊರಳಲ್ಲಿರಲಿಲ್ಲ. ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತ.

"ನಿಲ್ತೀ ಯಾಕ? ಉಣ್ಣಾಕ ಕುಂದ್ರು," ಎಂದಳು ಶಿವಗಂಗಾ. ಆ ದಿನದಿಂದ ಇಬ್ಬರಲ್ಲೂ ನೆಟ್ಟಗೆ ಮಾತಿರಲಿಲ್ಲ.

ಅವನು ಕೂತು, ರೊಟ್ಟಿ ಮುರಿಯುತ್ತ ತಾನೇ ಸುರುಮಾಡಿದ. "ಪರದೆ ಹಾಕಿದ್ರು ಅಕ್ಕಾ, ಗ್ವಾಡಿ ತುಂಬ. ಕಂಪನಿ ಹೆಸರು, ಕೆಳಗ ಅಷ್ಟುದ್ದ ಅಂಕಿ. ದೊಡ್ಡದೊಡ್ಡ ಮಂದಿ ಬಂದು ಕುಂತಿದ್ರು. ಅಂಕಿ ಓಡೂದು ನೋಡ್ರಿ ಅಂತ ದಿನೇಶ ಸರ್ ಮೈಕಿನ್ಯಾಗ ಹೇಳಿದ್ರು. ಎಲ್ಲಾರೂ ನೋಡಿದ್ರು. ಅದು ಓಡವಲ್ದು. ಗೂಟ ಬಡಿದಂಗ ನಿಂತೈತಿ. ಆಫೀಸಿನವರು ಒಬ್ಬರೂ ಇನ್ನೂ ಸೇರಿರಲಿಲ್ಲ."

ಗೊಲ್ಲಾಳಪ್ಪ ಕಿವಿಗೆ ಕೈ ಹಚ್ಚಿ ಮುಂದಕ್ಕೆ ಸರಿದ.

"ಮುಖ್ಯ ಅತಿಥಿ ಕೇಳಿದ್ರು, ಅಲ್ಲಿ ಸದಸ್ಯರು ಒಬ್ಬರ ಅಂತ ಐತಲ್ಲ, ಇಷ್ಟೆಲ್ಲಾ ಒಬ್ಬನ ಮಾಡ್ಯಾನೇನು, ಯಾರಂವ ಅಂತ. ಎಲ್ಲಾರೂ ನನ್ನ ಕಡೆ ತಿರುಗಿದ್ರು. ಸರ್ ಕಿವ್ಯಾಗ ಹೇಳಿದ್ರು, ಸರ್ವರ್ ಕೆಟ್ಟೈತಿ ಅಂತ ಹೇಳೋ ಅಂತ."

"ಹೇಳಿದ್ಯಾ?"

"ಇಲ್ಲ." ಅವನು ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟ. "ಇದೆಲ್ಲಾ ಅಂಬವ್ವ ಅನ್ನಾಕಿ ಮಾಡಿದ್ದ್ರಿ, ಮಗ್ಗಲ ಹಳೇ ಕಟ್ಟಡಾನೂ ಅಕಿ ಕಟ್ಟಿದ್ದ್ರಿ, ನನ್ನ ಹಡೆದಾಕಿ, ಅಂದೆ. ಅಂದು, ಅಲ್ಲೇ ಟೇಬಲ್ ಮ್ಯಾಲಿದ್ದ ಲ್ಯಾಪ್‌ಟಾಪಿನ್ಯಾಗ ನಾನೂ ತಂಡ ಬಿಟ್ಟೆ. ಗ್ವಾಡಿ ಮ್ಯಾಲೆ ಸದಸ್ಯರ ಲೆಕ್ಕ ಒಂದು ಹೋಗಿ ಸೊನ್ನೆ ಆತು. ಚೀಟಿ ತಗದಿಟ್ಟು ಬಂದೆ."

"ನೌಕರಿ?"

"ಇನ್ನೆಲ್ಲಿ ನೌಕರಿ ಅಕ್ಕಾ."

ಶಿವಗಂಗಾ ಅವನ ತಾಟಿಗೆ ಇನ್ನೊಂದು ರೊಟ್ಟಿ, ಅದರ ಮೇಲೆ ಕೈತುಂಬ ಶೇಂಗಾಚಟ್ನಿ ಹಾಕಿದಳು. ನಾಳೆ ಏನು ಎಂಬುದು ಮೂವರಿಗೂ ಗೊತ್ತಿರಲಿಲ್ಲ. ಗೊಲ್ಲಾಳಪ್ಪ ಮಗನ ಬೆನ್ನಿನ ಮೇಲೆ ಒಡೆದ ಅಂಗೈ ಇಟ್ಟು, ಹಾಗೇ ಇಟ್ಟುಕೊಂಡು ಕೂತ.

ಫೋನ್ ರಿಂಗಾಯಿತು. ಶಿವಗಂಗಾ ಚಟ್ನಿ ಹತ್ತಿದ ಕೈಯನ್ನು ದೂರ ಹಿಡಿದು ಎಡಗೈಯಿಂದ ಎತ್ತಿದಳು. ದಿನೇಶ. ಧಾರವಾಡದ ನಯವೆಲ್ಲ ಅವನ ದನಿಯಿಂದ ಹೋಗಿತ್ತು.

"ಏನ್ರೀ ಮೇಡಂ ಇದು? ಮಂದಿ ಮುಂದ ನಮ್ಮ ಮರ್ಯಾದಿ ತಗದಿರಿ! ಒಬ್ಬರಿಲ್ಲ ಟೀಮಿನ್ಯಾಗ! ಕರೀರಿ ಎಲ್ಲಾರನ್ನೂ ವಾಪಸ್. ಮೊದಲ ಆ ಅಂಬವ್ವನ ಅಕೌಂಟು, ಅದರದ ಭಾಳ ಅಂಕ ಇದ್ದಾವು. ಎಲ್ಲಿ ಹೋತದು?"

ಶಿವಗಂಗಾ ಕಂಪ್ಯೂಟರಿನ ಕಡೆ ನೋಡಿದಳು. ಬಣ್ಣದ ಮಣಿಗಳು ತಿರುಚಿಕೊಳ್ಳುತ್ತಿದ್ದವು, ಬಿಚ್ಚಿಕೊಳ್ಳುತ್ತಿದ್ದವು.

"ಅಂಬವ್ವ ನಿಮ್ಮಲ್ಲಿ ಕೆಲಸ ಬಿಟ್ಟಾಳ್ರಿ," ಎಂದಳು. "ಮತ್ತ ಬರಂಗಿಲ್ಲ. ನಿಮ್ಮ ಗುತ್ತೇದಾರಗೂ ಹೇಳ್ರಿ."

ರಿಸೀವರ್ ಇಟ್ಟು, ಕೈ ತೊಳೆದುಕೊಂಡು ಬಂದು, ಅರ್ಧಕ್ಕೆ ನಿಂತಿದ್ದ ಮದುವೆಯ ಕಾರ್ಡು ಟೈಪ್ ಮಾಡಲು ಕೂತಳು.